ಮುಗ್ಗರಿಸುವ ಎಂಜಿನ್ನು

ನಾಲ್ಕು ಎತ್ತುಗಳನ್ನು ಹೂಡಿದ ಗಾಡಿಯೊಂದು ಏರುದಾರಿಯಲ್ಲಿ ಸಾಗುವಾಗ, ಅವುಗಳಲ್ಲೊಂದು ಆಗಾಗ ನೊಗಕ್ಕೆ ಹೆಗಲು ಕೊಡದೆ ಹೋದರೆ ಗಾಡಿ ನಿಂತುಬಿಡುವುದಿಲ್ಲ. ತಡೆತಡೆದು ಮುಂದೆ ಸಾಗುತ್ತದೆ. ನಾಲ್ಕು ಸಿಲಿಂಡರುಗಳ ಎಂಜಿನ್ನಿನಲ್ಲಿ ಒಂದು ಸಿಲಿಂಡರು ತನ್ನ ಸರದಿ ಬಂದಾಗ ಉರಿಯದೆ ಹೋದರೂ ಹೀಗೆಯೇ ಆಗುತ್ತದೆ. ಇದನ್ನೇ ನಮ್ಮ ಮೋಟಾರು ಕೆಲಸಗಾರರು ಎಂಜಿನ್ನು ‘ಮಿಸ್ ಹೊಡೆಯುತ್ತದೆ’ ಎನ್ನುತ್ತಾರೆ. ಸದಾ ಇರುವ ದೋಷವನ್ನು ಹುಡುಕುವುದು ಸುಲಭ. ನಿಂತಾಗ ಅಡಗಿದ್ದು, ಓಟದಲ್ಲಿ ಮಾತ್ರ ತಲೆಯೆತ್ತುವ ದೋಷ ಕಷ್ಟದ್ದು. ಬಿಡಿಭಾಗಗಳನ್ನು ಒಂದಾದ ಮೇಲೊಂದರಂತೆ ಬದಲಾಯಿಸಿದರೂ ಅದು ಉಳಿದುಬಿಡಬಹುದು. ಇಂಥ ಹಠಮಾರಿ ದೋಷವನ್ನು ಭೌತಶಾಸ್ತ್ರದ ನೆರವಿನಿಂದ ಪತ್ತೆಹಚ್ಚುವ ಬಗೆಯನ್ನು ಇಲ್ಲಿ ವಿಚಾರಿಸೋಣ.

ಜಪಾನಿನ ಮಾಜ್ದಾ ಕಂಪೆನಿಯು 1989ರಲ್ಲಿ ಹೊರತಂದ ಎಂಎಕ್ಸ್-5 ಎಂಬ ಇಬ್ಬರು ಕೂರುವ ಸ್ಪೋರ್ಟ್ಸ್ ಕಾರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಮೊದಲ ಎಂಜಿನ್ನು 1.6 ಲೀಟರಿನದು, ಸಿಲಿಂಡರುಗಳು ನಾಲ್ಕು. ಪ್ರತಿಯೊಂದು ಸಿಲಿಂಡರಿನಲ್ಲಿಯೂ ಹೀರುವ, ಅಮುಕುವ, ಉರಿಯುವ, ಹೊರದಬ್ಬುವ ನಾಲ್ಕು ಕ್ರಿಯೆಗಳು ಎಂಜಿನ್ನಿನ ಎರಡು ಸುತ್ತುಗಳಲ್ಲಿ ಮುಗಿಯುತ್ತವೆ. ಎಂಜಿನ್ನು ನಿಮಿಷಕ್ಕೆ 6000 ಸಲ ಸುತ್ತುತ್ತಿದ್ದರೆ, ಒಂದೊಂದು ಸಿಲಿಂಡರೂ ಸೆಕೆಂಡಿಗೆ 50 ಸಲ ಉರಿಯಬೇಕು. ಹೀಗೆ ಉರಿಯಲು ಮೂರು ಅಗತ್ಯಗಳುಂಟು: ತಕ್ಕ ಪ್ರಮಾಣದಲ್ಲಿ ಬೆರೆತ ಗಾಳಿ ಮತ್ತು ಪೆಟ್ರೋಲು, ಸಾಕಷ್ಟು ಸಂಪೀಡನ, ಸಕಾಲದಲ್ಲಿ ಹಾರುವ ಬಲವಾದ ವಿದ್ಯುತ್ಕಿಡಿ. ಇವುಗಳಲ್ಲಿ ಯಾವುದೊಂದು ತಪ್ಪಿದರೂ ಎಂಜಿನ್ನು ಮುಗ್ಗರಿಸುತ್ತದೆ.

ಮೊದಲು ಕಿಡಿಯ ವಿಚಾರ. ಕಾರಿನ ಬ್ಯಾಟರಿ ಕೊಡುವುದು ಸುಮಾರು 12 ವೋಲ್ಟು ಮಾತ್ರ. ಸುರುಳಿಯೊಂದರಲ್ಲಿ ಹರಿಯುವ ಪ್ರವಾಹವನ್ನು ಥಟ್ಟನೆ ಕಡಿದಾಗ, 1831ರಲ್ಲಿ ಫ್ಯಾರಡೆ ಕಂಡುಹಿಡಿದ ಪ್ರೇರಣೆಯ ನಿಯಮದಂತೆ, ಪಕ್ಕದ ಹೆಚ್ಚು ಸುತ್ತುಗಳ ಸುರುಳಿಯಲ್ಲಿ ಸಾವಿರಾರು ವೋಲ್ಟುಗಳು ಹುಟ್ಟುತ್ತವೆ. ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿರುವ ಸುಮಾರು ಒಂದು ಮಿಲಿಮೀಟರಿನ ಸಂದನ್ನು ಕಿಡಿ ದಾಟಬೇಕಾದರೆ ಎಷ್ಟು ವೋಲ್ಟು ಬೇಕು? ಜರ್ಮನಿಯ ಪಾಷೆನ್ 1889ರಲ್ಲಿ ತೋರಿಸಿದಂತೆ, ಅದು ಅನಿಲದ ಒತ್ತಡ ಮತ್ತು ಸಂದಿನ ಅಗಲ ಇವೆರಡರ ಗುಣಲಬ್ಧವನ್ನು ಅವಲಂಬಿಸಿದೆ. ಎಂಜಿನ್ನಿನೊಳಗಿನ ಸ್ಥಿತಿಯಲ್ಲಿ ಅನಿಲ ಸಾಂದ್ರವಾದಷ್ಟೂ ಹೆಚ್ಚು ವೋಲ್ಟು ಬೇಕಾಗುತ್ತದೆ.

ದೋಷದ ಗುಟ್ಟು ಇಲ್ಲಿಯೇ ಅಡಗಿದೆ. ಕಾರು ನಿಂತು ಎಂಜಿನ್ನು ಮಾತ್ರ ಮೆಲ್ಲಗೆ ಓಡುತ್ತಿರುವಾಗ ಗಾಳಿಯ ಬಾಗಿಲು ಬಹುಪಾಲು ಮುಚ್ಚಿರುತ್ತದೆ. ಸಿಲಿಂಡರಿಗೆ ಬರುವ ಗಾಳಿ ಸ್ವಲ್ಪ, ಕಿಡಿಗೆ ಬೇಕಾದ ವೋಲ್ಟೂ ಕಡಮೆ. ಏರು ಹತ್ತಲು ಪೆಡಲನ್ನು ಒತ್ತಿದೊಡನೆ ಗಾಳಿ ತುಂಬಿಕೊಳ್ಳುತ್ತದೆ, ಬೇಕಾದ ವೋಲ್ಟು ಏರುತ್ತದೆ. ಪ್ಲಗ್ಗಿಗೆ ಹೋಗುವ ತಂತಿಯ ಹೊದಿಕೆ ಹಳತಾಗಿ ಬಿರುಕುಬಿಟ್ಟಿದ್ದರೆ, ಆಗ ವಿದ್ಯುತ್ತಿಗೆ ಪ್ಲಗ್ಗಿನ ಸಂದಿಗಿಂತ ಆ ಬಿರುಕೇ ಸುಲಭದ ದಾರಿಯಾಗುತ್ತದೆ. ಕಿಡಿ ಸಿಲಿಂಡರಿನ ಒಳಗೆ ಹಾರುವ ಬದಲು ಹೊರಗೆ ಎಂಜಿನ್ನಿನ ಲೋಹಕ್ಕೆ ಹಾರುತ್ತದೆ. ಸವೆದು ಸಂದು ಅಗಲವಾದ ಪ್ಲಗ್ಗಿನಲ್ಲಿಯೂ ಕಿಡಿ ಹೀಗೆಯೇ ತಪ್ಪಬಹುದು. ಆದುದರಿಂದ ನಿಂತ ಕಾರಿನಲ್ಲಿ ಎಂಜಿನ್ನು ಸರಿಯಾಗಿ ಓಡಿತೆಂಬುದು ಕಿಡಿಯ ವ್ಯವಸ್ಥೆ ನಿರ್ದೋಷಿಯೆನ್ನಲು ಸಾಕ್ಷಿಯಲ್ಲ.

ಹೀಗೆ, ‘ಎಂಜಿನ್ನು ಯಾವಾಗ ಮುಗ್ಗರಿಸುತ್ತದೆ?’ ಎಂಬುದೇ ಮೊದಲ ಪ್ರಶ್ನೆ. ಹೊರೆ ಬಿದ್ದಾಗ ಮಾತ್ರ ಎಂದಾದರೆ ಕಿಡಿಯನ್ನೋ, ಪೆಟ್ರೋಲಿನ ಪೂರೈಕೆಯನ್ನೋ ಸಂಶಯಿಸಬೇಕು. ನಿಂತಾಗ ಹೆಚ್ಚು, ಓಟದಲ್ಲಿ ಕಡಮೆ ಎಂದಾದರೆ, ಗಾಳಿ ಹೀರುವ ಕೊಳವೆಯ ಬಿರುಕಿನಿಂದ ಹೊರಗಾಳಿ ನುಸುಳುತ್ತಿರಬಹುದು. ಒಟ್ಟು ಗಾಳಿ ಕಡಮೆಯಿರುವಾಗ ಆ ನುಸುಳುವ ಪಾಲು ಮಿಶ್ರಣವನ್ನು ಹೆಚ್ಚಾಗಿ ಕೆಡಿಸುತ್ತದೆ.

‘ಯಾವ ಸಿಲಿಂಡರು?’ ಎಂಬುದು ಎರಡನೆಯ ಪ್ರಶ್ನೆ. ನಾವು ಆರಿಸಿಕೊಂಡ ಎಂಜಿನ್ನಿನಲ್ಲಿ ಒಂದು ಸುರುಳಿ 1 ಮತ್ತು 4ನೆಯ ಸಿಲಿಂಡರುಗಳಿಗೆ, ಇನ್ನೊಂದು 2 ಮತ್ತು 3ನೆಯವುಗಳಿಗೆ ಒಟ್ಟಿಗೆ ಕಿಡಿ ಕೊಡುತ್ತದೆ. 1 ಮತ್ತು 4 ಎರಡೂ ತಪ್ಪುತ್ತಿದ್ದರೆ ಅವುಗಳ ಸುರುಳಿಯ ಮೇಲೆಯೇ ಮೊದಲ ಸಂಶಯ. 4 ಮಾತ್ರ ತಪ್ಪುತ್ತಿದ್ದರೆ ಅದರದೇ ಪ್ಲಗ್ಗು, ತಂತಿ, ಪೆಟ್ರೋಲು ಸಿಂಪಡಿಸುವ ಇಂಜೆಕ್ಟರು ಅಥವಾ ಕವಾಟಗಳನ್ನು ನೋಡಬೇಕು. ಅಮೆರಿಕದಲ್ಲಿ 1996ರ ಮಾದರಿಯಿಂದೀಚಿನ ಕಾರುಗಳಲ್ಲಿ ಗಣಕವೇ ಇದನ್ನು ಗುರುತಿಸುತ್ತದೆ. ಒಂದು ಸಿಲಿಂಡರು ಉರಿಯದಿದ್ದಾಗ ಎಂಜಿನ್ನಿನ ಸುತ್ತುವೇಗ ಕ್ಷಣಮಾತ್ರ ಇಳಿಯುತ್ತದಷ್ಟೆ. ಆ ಇಳಿತವನ್ನು ಅಳೆದು, 4ನೆಯ ಸಿಲಿಂಡರಾದರೆ ‘ಪಿ 0304’ ಎಂಬ ಸಂಕೇತವನ್ನು ಬರೆದಿಡುತ್ತದೆ. ಆದರೆ ಆ ಸಂಕೇತ ಸ್ಥಳವನ್ನು ಹೇಳುತ್ತದೆಯೇ ಹೊರತು ಕಾರಣವನ್ನಲ್ಲ.

ಕಾರಣವನ್ನು ತಿಳಿಯಲು ಅದಲುಬದಲಿನ ಪ್ರಯೋಗವುಂಟು. ಎಂಜಿನ್ನನ್ನು ನಿಲ್ಲಿಸಿ, ಅದು ತಣಿದ ಮೇಲೆ, 4ನೆಯ ಸಿಲಿಂಡರಿನ ಪ್ಲಗ್ಗನ್ನು 2ನೆಯದಕ್ಕೂ 2ನೆಯದನ್ನು 4ಕ್ಕೂ ಹಾಕಿ ಮೊದಲಿನ ಏರಿನಲ್ಲಿಯೇ ಓಡಿಸಬೇಕು. ದೋಷ 2ಕ್ಕೆ ಹೋದರೆ ಪ್ಲಗ್ಗೇ ಅಪರಾಧಿ. 4ರಲ್ಲಿಯೇ ಉಳಿದರೆ ಮುಂದಿನ ಭಾಗವನ್ನು ಹೀಗೆಯೇ ಪರೀಕ್ಷಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸತಕ್ಕದ್ದು. ಎರಡನ್ನು ಬದಲಿಸಿದರೆ ಉತ್ತರ ಯಾವುದರಿಂದ ಬಂದಿತೆಂಬುದು ತಿಳಿಯದು. ಕಿಡಿಯೂ ಪೆಟ್ರೋಲೂ ಸರಿಯಿದ್ದರೆ ಸಂಪೀಡನದ ಒತ್ತಡವನ್ನು ಮಾಪಕದಿಂದ ಅಳೆದು ನಾಲ್ಕನ್ನೂ ಹೋಲಿಸಬೇಕು. ಒಂದರಲ್ಲಿ ಬಹಳ ಕಡಮೆಯಿದ್ದರೆ ಅದರೊಳಕ್ಕೆ ತುಸು ಎಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆಯುವುದುಂಟು. ಒತ್ತಡ ಏರಿದರೆ ಎಣ್ಣೆ ಪಿಸ್ಟನ್ನಿನ ಸುತ್ತಲಿನ ಸಂದನ್ನು ಮುಚ್ಚಿತೆಂದು, ಅಂದರೆ ಪಿಸ್ಟನ್ನಿನ ಉಂಗುರಗಳು ಸವೆದಿವೆಯೆಂದು ಊಹಿಸಬಹುದು. ಏರದಿದ್ದರೆ ಸೋರಿಕೆ ಕವಾಟದಲ್ಲಿಯೋ ಗ್ಯಾಸ್ಕೆಟ್ಟಿನಲ್ಲಿಯೋ ಇರುವ ಸಂಭವ ಹೆಚ್ಚು.

ಎಂಜಿನ್ನು ಓಡುತ್ತಿರುವಾಗ ಕಿಡಿಯ ತಂತಿಗಳನ್ನು ಕೈಯಿಂದ ಮುಟ್ಟುವುದು ಅಪಾಯಕರ. ದೋಷವನ್ನು ಉಪೇಕ್ಷಿಸುವುದೂ ದುಬಾರಿಯಾದುದು. ಉರಿಯದ ಪೆಟ್ರೋಲು ಹೊಗೆಕೊಳವೆಗೆ ಹೋಗಿ, ಹೊಗೆಯನ್ನು ಶುದ್ಧಿಮಾಡುವ ಕೆಟಲಿಟಿಕ್ ಕನ್ವರ್ಟರಿನಲ್ಲಿ ಹೊತ್ತಿಕೊಳ್ಳುತ್ತದೆ. ಅದರೊಳಗಿನ ಜೇನುಗೂಡಿನಂಥ ಪಿಂಗಾಣಿಯು ಕರಗಿಹೋಗುವಷ್ಟು ಕಾಯಬಲ್ಲದು. ಎಚ್ಚರಿಕೆಯ ದೀಪ ಮಿನುಗತೊಡಗಿದರೆ ಪೆಡಲನ್ನು ಸಡಿಲಿಸಿ, ಕಾರನ್ನು ಸುರಕ್ಷಿತವಾದ ಕಡೆ ನಿಲ್ಲಿಸುವುದೇ ಲೇಸು. ಬಿರುಕುಬಿಟ್ಟ ಒಂದು ತಂತಿಯ ಬೆಲೆ ಅಲ್ಪ. ಅದನ್ನು ಹುಡುಕದೆ ಓಡಿಸುತ್ತ ಹೋದರೆ ಅದರ ಹಲವು ಪಾಲು ಬೆಲೆಯ ಕನ್ವರ್ಟರನ್ನೇ ಕಳೆದುಕೊಳ್ಳಬೇಕಾಗುತ್ತದೆ.