ಇಂಚಿನ ಲೆಕ್ಕ, ಹೆಬ್ಬೆರಳಿನ ಅಳತೆ

ಹೊಸ ಫೋನೊಂದು ಬರಲಿದೆ ಎಂಬ ಸುದ್ದಿ ಹಬ್ಬಿದರೆ ಸಾಕು, ನಮ್ಮ ಯುವಕ ಯುವತಿಯರಲ್ಲಿ ಎರಡು ಪಕ್ಷಗಳಾಗುತ್ತವೆ. ಪರದೆ ದೊಡ್ಡದಾಗಲಿ ಎನ್ನುವವರು ಒಂದು ಕಡೆ, ಒಂದೇ ಕೈಗೆ ಒಗ್ಗಿದರೆ ಸಾಕೆನ್ನುವವರು ಇನ್ನೊಂದು ಕಡೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಈ ಚರ್ಚೆಯಲ್ಲಿ ಹುರುಳಿಲ್ಲವೆ? ಇದೆ. ಅದಕ್ಕೆ ಐಫೋನ್ 5ರ ಕಥೆಯೇ ಸಾಕ್ಷಿ.

2007ರ ಮೊದಲ ಐಫೋನಿನಿಂದ 2011ರ 4ಎಸ್‌ವರೆಗೂ ಪರದೆ ಮೂರೂವರೆ ಇಂಚಿನದೇ ಆಗಿತ್ತು. ದೊಡ್ಡ ಫೋನನ್ನು ಯಾರೂ ಕೊಳ್ಳುವುದಿಲ್ಲವೆಂದು ಆ್ಯಪಲ್‌ನ ಸ್ಟೀವ್ ಜಾಬ್ಸ್ 2010ರಲ್ಲಿ ಹೇಳಿದ್ದರು. ಮರುವರ್ಷವೇ ಸ್ಯಾಮ್‌ಸಂಗ್ 5.3 ಇಂಚಿನ ಗ್ಯಾಲಕ್ಸಿ ನೋಟ್ ತಂದಿತು. ಇನ್ನು ಮುಂದಿನ ಐಫೋನ್ ಹೇಗಿರಬೇಕು? ಅಗಲ ಹೆಚ್ಚಿಸಿದರೆ ಹೆಬ್ಬೆರಳಿಗೆ ಎಟುಕದು, ಇದ್ದಂತೆಯೇ ಬಿಟ್ಟರೆ ಗಿರಾಕಿ ಕೈತಪ್ಪಿಹೋಗುತ್ತಾನೆ.

ಆ್ಯಪಲ್ ನಡುದಾರಿ ಹಿಡಿಯಿತು. 2012ರ ಸೆಪ್ಟೆಂಬರಿನಲ್ಲಿ ಬಂದ ಐಫೋನ್ 5ರ ಪರದೆ 4 ಇಂಚಿನದು. ಆದರೆ ಫೋನಿನ ಅಗಲ 4ಎಸ್‌ನಷ್ಟೇ, ಅಂದರೆ 58.6 ಮಿ.ಮೀ. ಎತ್ತರ ಮಾತ್ರ 115.2ರಿಂದ 123.8 ಮಿ.ಮೀ.ಗೆ ಬೆಳೆಯಿತು. ತೂಕವೋ 140 ಗ್ರಾಮಿನಿಂದ 112ಕ್ಕೆ ಇಳಿಯಿತು. ಪರದೆಯ ಮೇಲೆ ಆ್ಯಪ್‌ಗಳ ಒಂದು ಸಾಲು ಹೆಚ್ಚಾಯಿತು. ಹೊಸ ಅಳತೆಗೆ ಹೊಂದಿಸದ ಹಳೆಯ ಆ್ಯಪ್‌ಗಳು ಕೆಲಕಾಲ ಕಪ್ಪು ಪಟ್ಟಿಗಳ ನಡುವೆ ಕಾಣಿಸಿದವು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಪರದೆಯ ಇಂಚನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆಯುತ್ತಾರೆ. ಫೋನು ಕೈಗೆ ಹಿಡಿಸುವುದೋ ಇಲ್ಲವೋ ಎಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ಅದರ ಅಗಲ. 2014ರ ಐಫೋನ್ 6ರ ಪರದೆ 4.7 ಇಂಚು, ಅಗಲ 67 ಮಿ.ಮೀ. 2020ರ ಐಫೋನ್ 12 ಮಿನಿಯ ಪರದೆ 5.4 ಇಂಚು, ಅಗಲ 64.2 ಮಿ.ಮೀ. ಮಾತ್ರ! ಪರದೆಯ ಸುತ್ತಲಿನ ಅಂಚು ಕಿರಿದಾಗಿ, ಆಕಾರ ನೀಳವಾದದ್ದರ ಫಲವಿದು. ಇಂಚಿನ ಲೆಕ್ಕವೊಂದನ್ನೇ ಹಿಡಿದು ವಾದಿಸುವವರು ಎಡವುವುದು ಇಲ್ಲಿಯೇ.

ಹಾಗಾದರೆ ಗೆದ್ದವರು ಯಾರು? 2014ರಲ್ಲಿ ಐಫೋನ್ 6ರ ಜೊತೆಗೆ 5.5 ಇಂಚಿನ 6 ಪ್ಲಸ್ ಕೂಡ ಬಂತು. ಹೋಮ್ ಗುಂಡಿಯನ್ನು ಎರಡು ಬಾರಿ ಮೆಲ್ಲಗೆ ಮುಟ್ಟಿದರೆ ಪರದೆಯ ಮೇಲ್ಭಾಗ ಕೆಳಗಿಳಿಯುವ ಸೌಲಭ್ಯವನ್ನೂ ಆ ಎರಡು ಫೋನುಗಳಿಗೆ ಕೊಟ್ಟರು. ಹೆಬ್ಬೆರಳು ಎಟುಕದೆಂದು ಒಪ್ಪಿಕೊಂಡಂತೆಯೇ ಅಲ್ಲವೆ ಅದು? ಚಿಕ್ಕ ಫೋನಿನ ಅಭಿಮಾನಿಗಳಿಗಾಗಿ ಬಂದ ಮಿನಿ, 2022ರ ಹೊಸ ಸಾಲಿನಲ್ಲಿ ಇರಲಿಲ್ಲ. ಅದರ ಜಾಗಕ್ಕೆ 6.7 ಇಂಚಿನ ಪ್ಲಸ್ ಬಂತು. ಚರ್ಚೆಯಲ್ಲಿ ದನಿ ಎತ್ತಿದವರೆಲ್ಲ ಅಂಗಡಿಯಲ್ಲಿ ಹಣ ಎಣಿಸಲಿಲ್ಲ.

ದೊಡ್ಡ ಪರದೆಯಿಂದ ಲಾಭವೇ ಇಲ್ಲವೆಂದಲ್ಲ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗಿಳಿಯುವುದರಿಂದ ಕನ್ನಡದ ಪುಟಕ್ಕೆ ಎತ್ತರ ಹೆಚ್ಚು ಬೇಕು. ಅಜ್ಜಿಗೆ ಸಂದೇಶ ಓದಲು ದಪ್ಪ ಅಕ್ಷರವೂ ಬೇಕು. ಆದರೆ ಮುಂಬಯಿಯ ಲೋಕಲಿನಲ್ಲಿ ಒಂದು ಕೈ ಹಿಡಿಕೆಯಲ್ಲಿದ್ದಾಗ ಫೋನು ನಡೆಸಬೇಕಾದದ್ದು ಇನ್ನೊಂದು ಕೈಯ ಹೆಬ್ಬೆರಳೇ.

ಆದ್ದರಿಂದ ಮಿತ್ರರೇ, ಬರಲಿರುವ ಫೋನಿನ ಬಗ್ಗೆ ಧಾರಾಳವಾಗಿ ವಾದಿಸಿ. ಅಪ್ಪನ ಜೇಬಿಗೆ ಕೈಹಾಕುವ ಮೊದಲು ಮಾತ್ರ ಅದರ ಅಗಲ ಎಷ್ಟು, ತೂಕ ಎಷ್ಟು ಎಂದು ವಿಚಾರಿಸಿ. ಅಂಗಡಿಗೆ ಹೋಗಿ ಒಂದೇ ಕೈಯಲ್ಲಿ ಹಿಡಿದು, ಮೇಲಿನ ಮೂಲೆಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದಾರೆ. ಬೆರಳಿಗೂ ಆ ಮಾತು ಸಲ್ಲುತ್ತದೆ.