ಮೊಳಕಾಲ್ಮೂರು ಸೀರೆ ಉಳಿಸಲು ಸರ್ಕಾರದ ಬಳಿ ಏನೇನಿದೆ?

ಕಾನೂನು, ಮಾಹಿತಿ, ಹಣ, ಸಂಸ್ಥೆ: ಸರ್ಕಾರದ ಯಾವುದೇ ನೀತಿ ಜನರನ್ನು ಮುಟ್ಟುವುದು ಹೆಚ್ಚಾಗಿ ಈ ನಾಲ್ಕು ಸಾಧನಗಳಿಂದ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ನಾಲ್ಕೂ ಬಳಕೆಯಾಗಿವೆ.

ಮೊದಲನೆಯದು 1985ರ ಕೈಮಗ್ಗ ಮೀಸಲಾತಿ ಕಾಯ್ದೆ. ಅದರ ಪಟ್ಟಿಯಲ್ಲಿರುವ ಅಂಚಿನ ಸೀರೆಗಳನ್ನು ವಿದ್ಯುತ್ ಮಗ್ಗದಲ್ಲಿ ನೇಯುವಂತಿಲ್ಲ. ಕಾಯ್ದೆ ಬಿಗಿಯಾಗಿದೆ; ತಪಾಸಣೆ ಸಡಿಲವಾದರೆ ಮಾತ್ರ ಕಾಗದದಲ್ಲೇ ಉಳಿಯುತ್ತದೆ.

ಸೀರೆ ಯಾವ ಊರಿನದೆಂದು ತಿಳಿಸುವ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಮಾಹಿತಿಯ ಸಾಧನ. ಒಡಲಿಗೊಂದು, ಎರಡು ಅಂಚಿಗೆ ಬೇರೆ ಲಾಳಿ ಓಡಿಸಿ, ಎಳೆಗೆ ಎಳೆ ಕೊಂಡಿ ಹಾಕುತ್ತಾ ನೇಯ್ದ ಸೀರೆಗೆ ಹಿಡಿಯುವ ಶ್ರಮ ದೊಡ್ಡದು. ಒಡಲು-ಅಂಚು ಕೂಡುವ ಆ ಕೊಂಡಿಯನ್ನು ಗುರುತಿಸಲು ಬಾರದ ಗ್ರಾಹಕರು ಅಗ್ಗದ ನಕಲನ್ನೇ ಕೊಳ್ಳುತ್ತಾರೆ. ಹಾಗಾಗಿ ಮಾನ್ಯತೆಯ ಜೊತೆಗೆ ಅಂಗಡಿಯಲ್ಲೇ ಕಾಣುವ ಗುರುತೂ ಬೇಕು.

ನೇಕಾರ ಸಮ್ಮಾನ್ ಯೋಜನೆಯಲ್ಲಿ ಹಣ ನೇರ ಬ್ಯಾಂಕ್ ಖಾತೆಗೆ ಬರುತ್ತದೆ: ಮೊದಲು ವರ್ಷಕ್ಕೆ 2,000 ರೂಪಾಯಿ, ನಂತರ 5,000. ತಲುಪಿಸುವುದು ಸುಲಭ, ಆದರೆ ರೇಷ್ಮೆ ನೂಲಿನ ದರ ಏರಿದರೆ ಈ ಮೊತ್ತ ಸಾಲದು.

ಕಚ್ಚಾವಸ್ತು ಮತ್ತು ಮಾರುಕಟ್ಟೆ ಎರಡಕ್ಕೂ ಕೈಹಾಕುವುದು ಸಂಸ್ಥೆ. 1975ರಲ್ಲಿ ಹುಟ್ಟಿದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ನೂಲು ಕೊಟ್ಟು, ಕೂಲಿ ಕೊಟ್ಟು, ನೇಯ್ದದ್ದನ್ನು ತಾನೇ ಮಾರುತ್ತದೆ. ಖರ್ಚು ಹೆಚ್ಚು, ಆದರೂ ಸ್ವಂತ ಬಂಡವಾಳವಿಲ್ಲದ ಕೂಲಿ ನೇಕಾರರಿಗೆ ಹೆಚ್ಚು ಒದಗುವುದು ಈ ಬಗೆಯ ಸಾಧನವೇ.