ಕೆನ್ನೆಯಲ್ಲಿ ಕಣಜ

ಮೊಮ್ಮಗಳ ಹಟಕ್ಕೆ ಮಣಿದು ಕಳೆದ ವರ್ಷ ಎರಡು ಹ್ಯಾಮ್‌ಸ್ಟರ್‌ಗಳನ್ನು ಕೊಂಡುತಂದೆ. ಹೊಂಬಣ್ಣದ ಮೈ, ಮಣಿಯಂಥ ಕಣ್ಣು. ಬಾಲವಂತೂ ನೆಪಕ್ಕೆ ಮಾತ್ರ. ಇಲಿಯ ದಾಯಾದಿಯೆಂದರೆ ನಂಬುವುದು ಕಷ್ಟ. ‘ಪಾಪ, ಒಂಟಿಯಾದರೆ ಬೇಸರಪಟ್ಟೀತು, ಜೋಡಿಯೇ ಇರಲಿ’ ಎಂದು ಅಂಗಡಿಯಲ್ಲಿ ಹೇಳಿದವನು ನಾನೇ. ಮೂರನೆಯ ವಾರದ ಒಂದು ಬೆಳಗ್ಗೆ ಪಂಜರದಲ್ಲಿ ಒಂದು ಸತ್ತು ಬಿದ್ದಿತ್ತು. ಇನ್ನೊಂದರ ಮೂತಿಗೆ ರಕ್ತ ಮೆತ್ತಿತ್ತು.

ಮಗು ಎರಡು ದಿನ ನನ್ನೊಡನೆ ಮಾತನಾಡಲಿಲ್ಲ. ಆ ಎರಡು ದಿನ ನಾನು ಪುಸ್ತಕಗಳ ಮೊರೆಹೊಕ್ಕೆ.

ಈ ಪ್ರಾಣಿಯ ತವರು ಸಿರಿಯಾದ ಅಲೆಪ್ಪೊ ನಗರದ ಸುತ್ತಲಿನ ಬಯಲು. 1839ರಲ್ಲಿಯೇ ವಾಟರ್‌ಹೌಸ್ ಎಂಬ ಆಂಗ್ಲ ವಿದ್ವಾಂಸ ಇದನ್ನು ವರ್ಣಿಸಿದ್ದರೂ ಸಾಕುವ ಯೋಚನೆ ಬಂದುದು ಬಹುಕಾಲದ ಮೇಲೆ, ಅದೂ ರೋಗವೊಂದರ ನಿಮಿತ್ತ. ನಮ್ಮ ಬಂಗಾಳ, ಬಿಹಾರಗಳನ್ನು ಕಾಡಿದ ಕಾಲಾ ಅಜಾರ್ ಜ್ವರದ ಜಾತಿಯ ರೋಗಗಳನ್ನು ಜೆರೂಸಲೇಮಿನಲ್ಲಿ ಸಾಲ್ ಆಡ್ಲರ್ ಅಭ್ಯಸಿಸುತ್ತಿದ್ದರು. ಅವರ ಪ್ರಯೋಗಕ್ಕೆ ಬೇಕಾದ ಚೀನೀ ಹ್ಯಾಮ್‌ಸ್ಟರ್‌ಗಳು ಸೆರೆಯಲ್ಲಿ ಮರಿಹಾಕಲು ಒಪ್ಪಲಿಲ್ಲ. ಬದಲಿ ಜಾತಿಯನ್ನು ಹುಡುಕಿಕೊಂಡು 1930ರಲ್ಲಿ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ಅಲೆಪ್ಪೊಗೆ ಹೋದರು. ಗೋಧಿಯ ಹೊಲವೊಂದನ್ನು ಅಗೆಸಿದಾಗ ಎಂಟು ಅಡಿ ಆಳದಲ್ಲಿ ಸಿಕ್ಕಿದ್ದು ಒಂದು ತಾಯಿ ಮತ್ತು ಅದರ ಮರಿಗಳು. ಪೆಟ್ಟಿಗೆಯೊಳಗೆ ಹಾಕಿದೊಡನೆ ತಾಯಿ ತನ್ನದೇ ಮರಿಯೊಂದನ್ನು ಕೊಂದಿತು. ಉಳಿದ ಮರಿಗಳನ್ನು ಕಾಪಾಡಲು ತಾಯಿಯನ್ನೇ ಕೊಲ್ಲಬೇಕಾಯಿತು. ಮುಂದೆ ಕೆಲವು ತಪ್ಪಿಸಿಕೊಂಡವು. ಅಳಿದುಳಿದ ನಾಲ್ಕಾರು ಒಡಹುಟ್ಟುಗಳಿಂದಲೇ ಸಂತತಿ ಬೆಳೆಯಿತು. ಗರ್ಭಾವಧಿ ಹದಿನಾರೇ ದಿನವೆಂದ ಮೇಲೆ ಕೇಳಬೇಕೆ! ಜಗತ್ತಿನ ಪಂಜರಗಳಲ್ಲಿ ಇಂದು ಚಕ್ರ ತಿರುಗಿಸುತ್ತಿರುವ ಹೊಂಬಣ್ಣದ ಹ್ಯಾಮ್‌ಸ್ಟರ್‌ಗಳಲ್ಲಿ ಬಹುಪಾಲು ಆ ಒಂದು ಬಿಲದ ಮಕ್ಕಳು.

ನನ್ನ ತಪ್ಪನ್ನು ಬಯಲುಮಾಡಿದ್ದು ಮಾತ್ರ 1997 ಮತ್ತು 1999ರ ಶೋಧ. ಜರ್ಮನಿಯ ವಿಜ್ಞಾನಿಗಳು ಆ ಬಯಲಲ್ಲಿ ಮೂವತ್ತು ಬಿಲಗಳನ್ನು ಪರೀಕ್ಷಿಸಿದರು. ಯಾವ ಬಿಲದಲ್ಲಿಯೂ ಬೆಳೆದ ಪ್ರಾಣಿ ಒಂದಕ್ಕಿಂತ ಹೆಚ್ಚಿರಲಿಲ್ಲ. ಏಕಾಂತವೇ ಅದರ ಸಂಸಾರ. ನಾನು ಕರುಣಿಸಿದ ಜೊತೆ ಅದಕ್ಕೆ ದಾಳಿಯಾಗಿ ಕಂಡಿತ್ತು. ಪಂಜರದಲ್ಲಿ ನಿಶಾಚರಿಯಾದ ಇದರ ಹೆಣ್ಣು ಅಲ್ಲಿ ಹಗಲಿನಲ್ಲಿಯೇ ಆಹಾರ ಹುಡುಕುವುದೂ ಮುಂದೆ ಕಂಡುಬಂದಿತು. ಸಾಕಿದವರಿಗೆ ಅದರ ದಿನಚರಿಯೂ ತಿಳಿದಿರಲಿಲ್ಲವೆಂದಾಯಿತು. ಆ ತವರಿನಲ್ಲಿ ಈಗ ಅದು ಅಳಿವಿನ ಅಂಚಿನಲ್ಲಿದೆ. ತಮ್ಮ ಧಾನ್ಯ ಕದಿಯುವ ಪ್ರಾಣಿಯನ್ನು ಅಲ್ಲಿನ ರೈತರು ಮುದ್ದಿಸಬೇಕೆಂದು ಪೇಟೆಯಲ್ಲಿ ಕುಳಿತ ನಾನು ಹೇಗೆ ಹೇಳಲಿ?

ನಮ್ಮಲ್ಲಿ ಉಳಿದದ್ದು ಈಗ ಒಂಟಿಯಾಗಿಯೇ ಇದೆ. ದೀಪ ಹಚ್ಚುವ ಹೊತ್ತಿಗೆ ಎದ್ದು, ಹೆಗಲಿನವರೆಗೂ ಚಾಚುವ ಕೆನ್ನೆಚೀಲಗಳಲ್ಲಿ ಜೋಳ ತುಂಬಿಕೊಂಡು, ಮೂಲೆಯ ಹುಲ್ಲಿನಡಿ ಎರಡೂ ಮುಂಗಾಲುಗಳಿಂದ ಒತ್ತಿ ಹೊರಗೆ ಸುರಿಯುತ್ತದೆ. ತಟ್ಟೆ ಬರಿದಾಯಿತೆಂದು ಮೊಮ್ಮಗಳು ಇನ್ನೊಂದು ಹಿಡಿ ಹಾಕುತ್ತಾಳೆ. ಅದು ಅದನ್ನೂ ಹೊತ್ತುಕೊಂಡು ಹೋಗುತ್ತದೆ.